ಗಾಜಿನ ಮೇಲಿನ ಹುಳ

"ಮುಟ್ಟಾಗಿದ್ಯೋ ಇಲ್ವೋ, ಅದೊಂದು ಹೇಳ್ಲೇ ಬೋಸುಡಿ. ಮಿಕ್ಕಿದ್ದು ಆಮೇಲೆ."

ಕೋದಂಡರಾಮಪ್ಪ ರೇಷ್ಮೆ ಹುಳದ ತಟ್ಟೆಯನ್ನು ಕಾಲಿನಿಂದ ಒದ್ದ. ಒಣಗಿದ ಸೊಪ್ಪಿನ ಜೊತೆ ಸತ್ತ ಹುಳಗಳು ಬೈರಮ್ಮನ ಗುಡಿಸಲ ಬಾಗಿಲಿಗೆ ಚೆಲ್ಲಿದವು. ಕಾಲೋನಿಯ ಹನ್ನೆರಡು ಮನೆಯವರೂ ಸುತ್ತ ನಿಂತಿದ್ದರು. ಅಷ್ಟು ಜನರ ಎದುರಿಗೆ, ತಾನು ಯಾವ ದಿನ ಹೊರಗಿದ್ದೆ ಎಂದು ಅವಳು ಬಾಯಿಬಿಟ್ಟು ಹೇಳಬೇಕಿತ್ತು.

ಹೇಳಿದಳು. ಹುಳ ಮೂರನೇ ಜ್ವರದಿಂದ, ಅಂದರೆ ಮೇವು ಬಿಟ್ಟು ಚರ್ಮ ಕಳಚುವ ನಿದ್ದೆಯಿಂದ, ಎದ್ದ ದಿನ ಅದು. ಎದ್ದ ಹುಳ ಹಸಿದು ತಲೆ ಎತ್ತಿ ತಡಕಾಡುತ್ತಿದ್ದವು. ಗಂಡ ಮಾಲೂರಿನ ಇಟ್ಟಿಗೆ ಗೂಡಿಗೆ ಹೋಗಿದ್ದ. ಅತ್ತೆ ದೊಡ್ಡವೆಂಕಟಮ್ಮನ ಎರಡೂ ಕಣ್ಣಿಗೆ ಪೊರೆ. ಇನ್ಯಾರು ಸೊಪ್ಪು ಹಾಕುತ್ತಾರೆಂದು ತಾನೇ ಒಳಗೆ ಹೋಗಿದ್ದಳು.

"ಕೇಳುಸ್ಕೊಂಡ್ರೇನ್ರೋ," ಕೋದಂಡರಾಮಪ್ಪ ಜನರ ಕಡೆ ತಿರುಗಿದ. "ಏಳು ಮನೆ ಹುಳ ತಿಂದವಳು ಇವಳೇ. ಸೊಪ್ಪಿನ ಬುಟ್ಟಿ ಮನೆಮನೆಗೆ ಹೊತ್ತು ಹಂಚಿದ್ದೂ ಇವಳೇ."

ಮೊಟ್ಟೆ ಅವನದು, ಸೊಪ್ಪು ಅವನದು. ಮೇಯಿಸಿ ಗೂಡು ಕಟ್ಟಿಸುವುದು ಕಾಲೋನಿಯ ಹೆಂಗಸರು. ನಾಲ್ಕು ಗೂಡಿಗೆ ಒಂದು ಗೂಡು ಅವರ ಪಾಲು. ಅದಿಲ್ಲದಿದ್ದರೆ ಮಳೆಗಾಲದವರೆಗೆ ಯಾವ ಮನೆಯಲ್ಲೂ ಒಲೆ ಹತ್ತುವ ಹಾಗಿರಲಿಲ್ಲ.

ಅವನು ತೀರ್ಮಾನವನ್ನೂ ಅಲ್ಲೇ ಹೇಳಿದ. ಶುಕ್ರವಾರ ಬೈರಮ್ಮ ಗಂಗಮ್ಮನ ಗುಡಿಯ ಮುಂದೆ ಒದ್ದೆ ಬಟ್ಟೆಯಲ್ಲಿ ನಿಂತು, ನನ್ನ ಮೈಲಿಗೆಯಿಂದಲೇ ಹುಳ ಹೋಯಿತು ಎಂದು ಮೂರು ಸಲ ಕೂಗಬೇಕು. ಕೂಗದಿದ್ದರೆ ಈ ಕಾಲೋನಿಗೆ ಇನ್ನು ಒಂದು ಮೊಟ್ಟೆಯೂ ಇಲ್ಲ. ಹೊರಟವನು ನಾಲ್ಕು ಹೆಜ್ಜೆ ಹೋಗಿ ನಿಂತ. "ಮಂಗಳವಾರ ಬೆಂಗ್ಳೂರಿಂದ ಸಾಹೇಬ್ರು ಬರ್ತಾವ್ರೆ. ಸೈನ್ಸ್ ಸೆಂಟ್ರು ಗುಡಿಸಿ ತೊಳ್ದು ಇಡು. ಆ ಕೆಲ್ಸಕ್ಕೆ ಮೈಲಿಗೆ ಇಲ್ಲ, ಹೆದರ್ಬೇಡ."

ಯಾರೋ ನಕ್ಕರು. ಕಾಲೋನಿಯವರೇ ಯಾರೋ.

ಆ ಸಂಜೆ, ಹುಳ ಕಳೆದುಕೊಂಡ ಏಳು ಮನೆಗಳಲ್ಲೊಂದರ ಮುನಿಗಂಗಮ್ಮ ಬಂದು ಹೊಸ್ತಿಲಲ್ಲಿ ಕೂತಳು. ಬೈಯಲಿಲ್ಲ, ಅದೇ ಕಷ್ಟವಾಯಿತು. ಮೂರು ಸಲ ಕೂಗೋದು ತಾನೆ, ಬಾಯೇನು ಸವೆಯುತ್ತಾ, ನಮ್ಮ ಮಕ್ಕಳ ಮುಖ ನೋಡು ಎಂದಳು. ದೊಡ್ಡವೆಂಕಟಮ್ಮನೂ ಅದನ್ನೇ ಅಂದಳು. "ನೀನು ಒಳಕ್ಕೆ ಹೋಗಿದ್ದಂತೂ ನಿಜ ತಾನೆ? ಇನ್ನೇನು ಮಾತು. ಹೇಳ್ಬಿಡು."

ನಿಜವೇ. ಬೈರಮ್ಮನಿಗೆ ಒಳಗೆ ಕೊರೆಯುತ್ತಿದ್ದುದೂ ಅದೇ. ಕೋದಂಡರಾಮಪ್ಪನ ಬೈಗುಳ ಹೊಸದಲ್ಲ. ಆದರೆ ಅವನು ಹೇಳಿದ್ದು ಸತ್ಯವೇ ಆಗಿದ್ದರೆ? ತನ್ನ ಕೈಯೇ ಏಳು ಮನೆಯ ಹುಳ ಕೊಂದಿದ್ದರೆ? ಚೆಲ್ಲಿದ ಹುಳಗಳನ್ನು ಗುಡಿಸುವಾಗ ಒಂದಷ್ಟನ್ನು ಬೆಂಕಿಪೊಟ್ಟಣಕ್ಕೆ ಹಾಕಿ ಸೀರೆಯ ಸೆರಗಿಗೆ ಕಟ್ಟಿಕೊಂಡಳು. ಏಕೆಂದು ಆಗ ಅವಳಿಗೂ ಗೊತ್ತಿರಲಿಲ್ಲ.

ಸೈನ್ಸ್ ಸೆಂಟ್ರು ಎಂದರೆ ಸುಗಟೂರಿಗೆ ಹೋಗುವ ರಸ್ತೆಯ ಪಕ್ಕ ಸರ್ಕಾರದ ಹಣದಲ್ಲಿ ಕಟ್ಟಿದ ವಿಜ್ಞಾನ ಕೇಂದ್ರ. ಹಳ್ಳಿಯ ಮಕ್ಕಳು ಸಾಮಾನು ಕೈಯಲ್ಲಿ ಹಿಡಿದು, ತಾವೇ ಮಾಡಿ ನೋಡಿ ಕಲಿಯಲಿ ಎಂದು ಕಟ್ಟಿದ್ದು. ಪಂಚಾಯಿತಿಗೆ ಚೇರ್ಮನ್ನಾದ ಕೋದಂಡರಾಮಪ್ಪನೇ ಅದಕ್ಕೂ ಅಧ್ಯಕ್ಷ. ಕೇಂದ್ರದ ದೊಡ್ಡ ಕೋಣೆಯ ತುಂಬ ಅವನ ಸೊಪ್ಪಿನ ಬುಟ್ಟಿಗಳು, ಗೋಡೆಗೆ ಒರಗಿಸಿದ, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು. ಗ್ರಾಂಟಿನಲ್ಲಿ ಬಂದ ಸಾಮಾನೆಲ್ಲ ಕಬ್ಬಿಣದ ಬೀರುವಿನಲ್ಲಿ. ಬೀರುವಿನ ಬೀಗದ ಕೈ ಅವನ ಉಡಿದಾರದಲ್ಲಿ. ವರ್ಷಕ್ಕೊಂದು ದಿನ ಬೆಂಗಳೂರಿನ ಅಧಿಕಾರಿ ಬರುತ್ತಿದ್ದರು. ಅಂದು ಬುಟ್ಟಿಗಳು ಹೊರಗೆ ಹೋಗುತ್ತಿದ್ದವು, ಸಾಮಾನು ಮೇಜಿಗೆ ಬರುತ್ತಿತ್ತು. ಅಧಿಕಾರಿ ಬರೆದುಕೊಟ್ಟರೆ ಮುಂದಿನ ವರ್ಷದ ಗ್ರಾಂಟು. ಈ ಸಲ ಕೇಂದ್ರದಿಂದ ಇನ್ನೊಂದು ದೊಡ್ಡ ಕೋಣೆಗೆ ಹಣ ಕೇಳಿದ್ದರು. ಹುಳ ಸಾಕಲು ಅನುಕೂಲವಾಗುವಂತೆ ಅದರ ಕಿಟಕಿಗಳನ್ನು ಎಲ್ಲೆಲ್ಲಿ ಇಡಿಸಬೇಕೆಂದು ಕೋದಂಡರಾಮಪ್ಪ ಆಗಲೇ ಗುರುತು ಹಾಕಿಸಿದ್ದ.

ಸೋಮವಾರ ನೆಲ ತೊಳೆಯುತ್ತ ಬೈರಮ್ಮ ಗೋಡೆಗೆ ತೂಗುಹಾಕಿದ್ದ ರೇಷ್ಮೆ ಹುಳದ ರೋಗಗಳ ಪಟದ ಮುಂದೆ ನಿಂತಳು. ವಯಸ್ಕರ ಶಾಲೆಯಲ್ಲಿ ಎರಡು ಬೇಸಿಗೆ ಕೂತು ಕಲಿತ ಅಕ್ಷರ. ಒಂದೊಂದಾಗಿ ಕೂಡಿಸಿ ಓದಿದಳು. ಗಂಟು ರೋಗ. ಹುಳು ಒಂದೇ ಸಮ ಬೆಳೆಯುವುದಿಲ್ಲ. ಮೈಮೇಲೆ ಕಾಳುಮೆಣಸಿನ ಪುಡಿ ಚೆಲ್ಲಿದಂತೆ ಚುಕ್ಕೆ. ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತದೆ.

ತಾನು ಸರಿಯಾಗಿ ಓದಿದೆನೋ ಇಲ್ಲವೋ ಎಂದು ಇನ್ನೊಂದು ಸಲ ಓದಿದಳು. ಬೆಂಕಿಪೊಟ್ಟಣ ತೆಗೆದು ನೋಡಿದಳು. ಚುಕ್ಕೆ ಇದ್ದವು.

ಮೊಟ್ಟೆ ಸರ್ಕಾರದ್ದಲ್ಲ. ಕೋದಂಡರಾಮಪ್ಪ ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಚಿಟ್ಟೆ ಬಿಟ್ಟು ಇಡಿಸಿದ್ದು.

ಹೈಸ್ಕೂಲಿನ ರಾಮಚಂದ್ರಪ್ಪ ಮೇಷ್ಟ್ರು ಕೇಂದ್ರದ ಉಸ್ತುವಾರಿ. ಬೈರಮ್ಮ ಕೇಳಿದಾಗ ಮೊದಲು ಬಾಗಿಲ ಕಡೆ ನೋಡಿದರು. ಮೈಲಿಗೆಯಿಂದ ರೋಗ ಬರುವುದಿಲ್ಲ, ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡಿಯೇ ಮೊಟ್ಟೆ ಕೊಡಬೇಕು, ಸತ್ತ ಹುಳದಲ್ಲೂ ಅದು ಕಾಣುತ್ತದೆ ಎಂದು ಪಿಸುಗುಟ್ಟಿದರು.

"ಹಂಗಾದ್ರೆ ನೋಡಿ ಹೇಳಿ ಮೇಷ್ಟ್ರೇ. ಶುಕ್ರವಾರದೊಳಗೆ."

"ಬೀಗದ ಕೈ ನನ್ನ ಹತ್ರ ಇಲ್ಲಮ್ಮ. ನಾಳೆ ಒಂದಿನ ಮೈಕ್ರೋಸ್ಕೋಪು ಬೀರುವಿಂದ ಹೊರಗೆ ಬರುತ್ತೆ, ಸಾಹೇಬ್ರಿಗೆ ಈರುಳ್ಳಿ ಸಿಪ್ಪೆ ತೋರಿಸೋಕೆ. ನನಗೂ ಹೆಂಡ್ತಿ ಮಕ್ಕಳವ್ರೆ."

ಮಂಗಳವಾರ ಬೆಳಗ್ಗೆ ಕಾಲೋನಿಯ ಹೆಂಗಸರು ಬುಟ್ಟಿ ಚಂದ್ರಿಕೆಗಳನ್ನೆಲ್ಲ ಹೊತ್ತು ಕೋದಂಡರಾಮಪ್ಪನ ಮನೆಗೆ ಸಾಗಿಸಿದರು. ಹೈಸ್ಕೂಲಿನ ಮಕ್ಕಳು ಇಸ್ತ್ರಿ ಬಟ್ಟೆಯಲ್ಲಿ ಸಾಲಾಗಿ ನಿಂತರು. ಜೀಪಿನಿಂದ ಇಳಿದ ಅಧಿಕಾರಿ ನೀರು ಕೇಳಿದಾಗ ಬೈರಮ್ಮ ಚೊಂಬು ಎತ್ತಿದಳು. ಕೋದಂಡರಾಮಪ್ಪ ಅದನ್ನು ಅವಳ ಕೈಯಿಂದ ಕಿತ್ತು ಹೊರಗೆ ಚೆಲ್ಲಿ, ಬಾಗಿಲ ಹಿಂದೆ ಹೋಗಿ ನಿಲ್ಲೇ ಎಂದ. ಅಧಿಕಾರಿ ಅದನ್ನು ಕಂಡರು. ಕಂಡು, ಗೋಡೆಯ ಪಟದ ಕಡೆ ತಿರುಗಿದರು.

ಬಾಗಿಲ ಸಂದಿಯಿಂದ ಅವಳು ನೋಡುತ್ತಿದ್ದಳು. ಮೈಕ್ರೋಸ್ಕೋಪಿನ ಮುಂದೆ ನಿಲ್ಲಿಸಿದ ಹುಡುಗಿ ಅದನ್ನು ಹಿಂದೆಂದೂ ಕಂಡವಳಲ್ಲ. ಎರಡೂ ಕಣ್ಣು ಮುಚ್ಚಿ ಕೊಳವೆಗೆ ಹಣೆ ಒತ್ತಿದಳು. ಏನು ಕಾಣುತ್ತದೆ ಎಂದರೆ, ಜೀವಕೋಶ ಕಾಣುತ್ತದೆ ಸಾರ್ ಎಂದು ಬಾಯಿಪಾಠ ಒಪ್ಪಿಸಿದಳು. ಅಧಿಕಾರಿ ಸಂತೋಷಪಟ್ಟು, ಮಕ್ಕಳು ಸ್ವತಃ ಮಾಡಿ ಕಲಿಯುತ್ತಿದ್ದಾರೆ ಎಂದು ಬರೆದು ಸಹಿ ಹಾಕಿದರು. ಆಮೇಲೆ ಎಲ್ಲರೂ ಕೋದಂಡರಾಮಪ್ಪನ ಮನೆಗೆ ಊಟಕ್ಕೆ ಹೊರಟರು. ಸಾಮಾನು ಕಾಯಲು ಮೇಷ್ಟ್ರೊಬ್ಬರೇ ಉಳಿದರು.

ಬೈರಮ್ಮ ಒಳಗೆ ಬಂದು ಬೆಂಕಿಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಮೇಷ್ಟ್ರು ಅದನ್ನು ನೋಡಿದರು, ಅವಳನ್ನು ನೋಡಿದರು, ರಸ್ತೆ ನೋಡಿದರು. ಕೊನೆಗೆ ಈರುಳ್ಳಿ ಸಿಪ್ಪೆ ತೆಗೆದು ಬಿಸುಟು, ಒಂದು ಹುಳವನ್ನು ನೀರಿನ ಹನಿಯಲ್ಲಿ ಅರೆದು ಗಾಜಿಗೆ ಸವರಿದರು. ಬಗ್ಗಿ ನೋಡಿದವರು ಬಹಳ ಹೊತ್ತು ಏಳಲಿಲ್ಲ. ಎದ್ದಮೇಲೆ ಅವಳಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದರು.

ಬೈರಮ್ಮನಿಗೆ ಮೊದಲು ತನ್ನ ರೆಪ್ಪೆಯ ಕೂದಲೇ ಕಂಡಿತು. ಆಮೇಲೆ ಮಸುಕು ಬೆಳಕು. ಆಮೇಲೆ ಆ ಬೆಳಕಿನಲ್ಲಿ ಸಾಮೆ ಅಕ್ಕಿ ಚೆಲ್ಲಿದ ಹಾಗೆ, ಹೊಳೆಯುವ ಸಣ್ಣ ಕಾಳುಗಳು. ಎಣಿಸಲಾಗದಷ್ಟು.

"ಇದೇನಾ ಮೇಷ್ಟ್ರೇ?"

"ಅದೇ. ಮೊಟ್ಟೆಯಲ್ಲೇ ಇತ್ತು."

"ಬರ್ದು ಕೊಡ್ತೀರಾ?"

ಮೇಷ್ಟ್ರು ನೆಲ ನೋಡಿದರು.

ಅವಳು ಎರಡನೇ ಸಲ ಕೇಳಲಿಲ್ಲ. ಹೊರಗೆ ಹೋದಳು. ಸಾಹೇಬರು ಹೋದಮೇಲೆ ಬುಟ್ಟಿಗಳನ್ನು ವಾಪಸ್ಸು ತರಲು ಕಾಯುತ್ತ ಹೆಂಗಸರು ಹುಣಸೆ ಮರದ ಕೆಳಗೆ ಕೂತಿದ್ದರು. ಮುನಿಗಂಗಮ್ಮನ ರಟ್ಟೆ ಹಿಡಿದು ಎಬ್ಬಿಸಿದಳು. "ಬಾ. ನಿನ್ನ ಹುಳ ಯಾತಕ್ಕೆ ಸತ್ತೋಯ್ತು ಅಂತ ನಿನ್ನ ಕಣ್ಣಲ್ಲೇ ನೋಡು."

ಊಟ ಮುಗಿಸಿ ಎಲೆ ಅಡಿಕೆ ಜಗಿಯುತ್ತ ಕೋದಂಡರಾಮಪ್ಪನೂ ಅಧಿಕಾರಿಯೂ ಬಂದಾಗ ಮೇಜಿನಿಂದ ಬಾಗಿಲವರೆಗೆ, ಬಾಗಿಲಿನಿಂದ ಮೆಟ್ಟಿಲವರೆಗೆ ಹೆಂಗಸರ ಸಾಲಿತ್ತು. ನೋಡಿ ಬಂದವರು ಗೋಡೆಯ ಪಟದ ಮುಂದೆ ನಿಂತಿದ್ದರು. ಮುನಿಗಂಗಮ್ಮ ಪಟದ ಹುಳದ ಮೈಮೇಲಿನ ಚುಕ್ಕೆಗಳ ಮೇಲೆ ಬೆರಳಿಟ್ಟಿದ್ದಳು.

"ಯಾವಳೇ ಒಳಕ್ಕೆ ಬಿಟ್ಟೋಳು ನಿಮ್ಮನ್ನ?"

ಬೈರಮ್ಮ ಅಧಿಕಾರಿಯ ಮುಂದೆ ಬಂದಳು. "ನೀವೂ ಒಂದ್ಸಲ ನೋಡಿ ಸ್ವಾಮಿ. ಇವರ ಮನೆ ಮೊಟ್ಟೇಲಿ ಬಂದ ರೋಗ."

ಅಧಿಕಾರಿ ಗಡಿಯಾರ ನೋಡಿಕೊಂಡು, ಇದು ರೇಷ್ಮೆ ಇಲಾಖೆಯ ವಿಷಯ, ತಮಗೆ ಸಂಬಂಧವಿಲ್ಲ ಎಂದರು. ಸಹಿ ಹಾಕಿದ ಕಾಗದ ಅವರ ಚೀಲದಲ್ಲಿತ್ತು. ಜೀಪು ಶುರುವಾದ ಸದ್ದು ಕೇಳಿತು.

"ಶುಕ್ರವಾರ ಗುಡಿ ಹತ್ರ ಬಾ, ತೋರುಸ್ತೀನಿ ನಿಂಗೆ," ಎಂದ ಕೋದಂಡರಾಮಪ್ಪ.

"ಬರ್ತೀನಿ. ಈ ದುರ್ಬೀನೂ ಎತ್ಕೊಂಡ್ ಬನ್ನಿ."

ಅವನು ಸಾಲನ್ನು ನೂಕಿಕೊಂಡು, ಉಡಿದಾರದ ಬೀಗದ ಕೈ ಬಿಚ್ಚುತ್ತ ಮೇಜಿನವರೆಗೆ ಹೋದ. ಮೈಕ್ರೋಸ್ಕೋಪಿನ ಮುಂದೆ, ಹೆಂಗಸರು ಕೈಹಿಡಿದು ಕರೆತಂದಿದ್ದ ಅತ್ತೆ ದೊಡ್ಡವೆಂಕಟಮ್ಮ ಬಗ್ಗಿ ನಿಂತಿದ್ದಳು. ಪೊರೆ ಬಂದ ಕಣ್ಣನ್ನು ಗಾಜಿಗೆ ಒತ್ತಿ, ಎರಡೂ ಕೈಯಿಂದ ಅದರ ಕಬ್ಬಿಣದ ಕಾಲನ್ನು ತಬ್ಬಿ ಹಿಡಿದಿದ್ದಳು.

"ಬಿಡೇ ಮುದ್ಕಿ. ನಿಂಗೇನು ಕಾಣುತ್ತೆ ಮಣ್ಣು."

ಮುದುಕಿ ತಲೆ ಎತ್ತಲಿಲ್ಲ. ಅವಳ ಹಿಂದಿನ ಸಾಲೂ ಕದಲಲಿಲ್ಲ.

"ತಡಿಯಪ್ಪಾ," ಎಂದಳು. "ನಂಗಿನ್ನೂ ಕಂಡಿಲ್ಲ."