ಮಾವನ ತಣ್ಣನೆಯ ಹಣೆ

ವಿಮಾನ ಇಳಿದು ಬಂದವರ ಹಣೆಗೆ ಜ್ವರ ಅಳೆಯುವ ಗನ್ ಹಿಡಿಯುವ ನರ್ಸು ಅವಳು. ಮನೆಯವರ ಬಾಯಲ್ಲಿ ಪುಟ್ಟಿ. ಗಡಿಯಾಚೆ ಜೀವ ತೆಗೆಯುವ ಜ್ವರ ಎದ್ದಿತ್ತು. ಮರುದಿನವೇ ಪುಟ್ಟಿಯ ಮದುವೆ. ಆಗಲೇ ಎರಡು ಸಲ ಮುಂದೆ ಹೋದ ಮದುವೆ ಅದು. ಇನ್ನೊಂದು ಸಲ ತಪ್ಪಿದರೆ ಬೇರೆ ಹೆಣ್ಣು ನೋಡುತ್ತೇವೆ ಎಂದು ಗಂಡಿನ ಅಪ್ಪ ಮುಖಕ್ಕೆ ಹೊಡೆದಂತೆ ಹೇಳಿದ್ದರು.

ಸಾಲಿನಲ್ಲಿ ಅವಳ ಸೋದರಮಾವ ಬಂದ. ನಿಯಮ ಕಂಡರೆ ಕಳ್ಳದಾರಿ ಹುಡುಕುವುದು ಈ ಮಹಾನುಭಾವನ ಹುಟ್ಟುಗುಣ. ಹುಡುಕಿದ್ದನ್ನು ನಾಲ್ಕು ಜನರಿಗೆ ಹೇಳದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ.

ಪುಟ್ಟಿ ಗನ್ ಹಿಡಿದಳು. ಮೂವತ್ತು ಡಿಗ್ರಿ ತೋರಿಸಿತು.

"ಮಾವ, ಈ ಲೆಕ್ಕದಲ್ಲಿ ನೀನು ಸತ್ತು ತುಂಬಾ ಹೊತ್ತಾಗಿದೆ."

ಮಾವ ಹೆಮ್ಮೆಯಿಂದ ಹಲ್ಲು ಕಿರಿದ. "ಶ್! ವಿಮಾನದಲ್ಲಿ ಮೈ ಕೆಂಡ ಆಗಿತ್ತು ಕಣೇ. ಮಾತ್ರೆ ನುಂಗಿದೆ. ಇಲ್ಲಿ ಬರೋವರೆಗೂ ಐಸ್ ಚೀಲ ಹಣೆಗೆ ಒತ್ಕೊಂಡಿದ್ದೆ. ಸ್ವಲ್ಪ ಜಾಸ್ತಿನೇ ಒತ್ತಿದ್ನೋ ಏನೋ. ಹೆಂಗಿದೆ ನಿನ್ ಮಾವನ ತಲೆ?"

ಅಷ್ಟಕ್ಕೇ ನಿಲ್ಲಲಿಲ್ಲ. ಮದುಮಗಳ ಮುಖ ನೋಡಬೇಕೆಂದು ಅವಳ ಮಾಸ್ಕ್ ಕೆಳಗೆಳೆದು ಕೆನ್ನೆ ಹಿಂಡಿದ. ಆಮೇಲೆ ಮುಖದ ಮೇಲೇ ಸೀನಿದ.

ಪುಟ್ಟಿ ಮುಖ ಒರೆಸಿಕೊಂಡು ಮಾಸ್ಕ್ ಮೇಲೆಳೆದಳು. ಸುತ್ತ ಯಾರೂ ನೋಡಿರಲಿಲ್ಲ. ಜ್ವರದವರು ಸಿಕ್ಕರೆ ಒತ್ತಬೇಕಾದ ಗಂಟೆ ಕೈಗೆಟುಕುವಂತಿತ್ತು; ಒತ್ತಿದರೆ ಮಾವನ ಜೊತೆ ಅವಳೂ ಆಸ್ಪತ್ರೆಯಲ್ಲಿ ಬಂದಿ, ಮದುವೆಯೂ ತಪ್ಪಿದಂತೆ.

"ಸುಮ್ನಿರೇ, ಮನೆಯವರು ತಾನೇ," ಎಂದ ಮಾವ.

ಮದುವೆ ಮನೆಯ ಮೊದಲ ಕುರ್ಚಿಯಲ್ಲಿ ಕೂರಲಿದ್ದ ಅಜ್ಜಿ ಅವಳ ಕಣ್ಣ ಮುಂದೆ ಬಂದಳು. ಈ ಪುಣ್ಯಾತ್ಮ ಅಜ್ಜಿಯ ಕೆನ್ನೆಯನ್ನೂ ಬಿಡುವವನಲ್ಲ. ಹಲ್ಲು ಕಚ್ಚಿ ಗಂಟೆ ಒತ್ತಿದಳು.

ಸಂಜೆ ಆಸ್ಪತ್ರೆಯ ಬೀಗ ಹಾಕಿದ ಕೋಣೆಯಲ್ಲಿ ಮಾವ ಎರಡು ಕಂಬಳಿ ಹೊದ್ದು ನಡುಗುತ್ತಿದ್ದ. ಪರೀಕ್ಷೆಯಲ್ಲಿ ಅದೇ ಜ್ವರ ಅಂತಾಗಿತ್ತು. ಅದೇ ಕೋಣೆಯಲ್ಲಿ ಪ್ಲಾಸ್ಟಿಕ್ ಪರದೆಯ ಈಚೆ ಬಂದಿಯಾಗಿದ್ದ ಪುಟ್ಟಿಗೆ ಅವನ ಮೇಲೆ ಕೊಲ್ಲುವಷ್ಟು ಸಿಟ್ಟು, ಎಲ್ಲಿ ಸತ್ತೇ ಹೋಗುತ್ತಾನೋ ಎಂದು ಅಷ್ಟೇ ಭಯ. ಆಗ ಮದುಮಗನ ಫೋನ್ ಬಂತು.

"ಅಪ್ಪ ಮದುವೆಗೆ ತರಿಸಿದ್ದ ಕುರ್ಚಿ ಎಲ್ಲಾ ವಾಪಸ್ ಕಳಿಸಿಬಿಟ್ರು."

ಪುಟ್ಟಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ನೀವು?"

"ನಾನು ಇಲ್ಲೇ ಗೇಟ್ ಹತ್ರ ನಿಂತಿದೀನಿ. ಒಳಗೆ ಬಿಡ್ತಿಲ್ಲ."

ಕಂಬಳಿಯೊಳಗಿಂದ ಮಾವನ ತಲೆ ಹೊರಬಂತು. "ಹಿಂದಿನ ಕಡೆ ಒಂದು ಬಾಗಿಲಿದೆ ಅಂತ ಹೇಳೇ. ಬರೋವಾಗ ನೋಡ್ಕೊಂಡಿದೀನಿ."

"ಅಲ್ಲೇ ಇರಿ!" ಪುಟ್ಟಿ ಫೋನಿನಲ್ಲಿ ಅಳುತ್ತಲೇ ಗದರಿದಳು. "ಒಳಗೆ ಕಾಲಿಟ್ರೆ ನಾನೇ ನಿಮ್ಮನ್ನ ಮದುವೆ ಆಗಲ್ಲ."