ಒಂಬತ್ತನೆಯ ವಿಷಯ

ಲೋರ್ನಾ ಕೀಲರ್‌ಗೆ ಆ ಊರಿನಲ್ಲಿ ಮತವಿರಲಿಲ್ಲ. ಪಾಠ ಹೇಳುವುದು ಇಲ್ಲಿ, ಬಾಡಿಗೆ ಮನೆ ಗುಡ್ಡದಾಚೆಯ ಊರಲ್ಲಿ. ಹಾಗಾಗಿ ಮಾರ್ಚ್ ತಿಂಗಳ ಮೊದಲ ಮಂಗಳವಾರ, ವರ್ಮಾಂಟಿನ ಆ ಊರಿನವರು ಶಾಲೆಯ ಜಿಮ್‌ನಲ್ಲಿ ಸೇರಿ ಬಜೆಟ್ಟಿನ ಒಂದೊಂದು ವಿಷಯಕ್ಕೂ ಕೈ ಎತ್ತುವಾಗ, ಅವಳು ಹಿಂದೆ ಮತವಿಲ್ಲದವರ ಬೆಂಚಿನಲ್ಲಿ ಕೂರಬೇಕಿತ್ತು. ಈ ಸಲದ ಒಂಬತ್ತನೆಯ ವಿಷಯ ಅವಳ ಕೆಲಸವೇ. ಪೌರನೀತಿಗೆಂದೇ ಒಬ್ಬ ಶಿಕ್ಷಕಿಯನ್ನು ಇಟ್ಟುಕೊಳ್ಳುವುದೋ, ಅದೇ ಹಣದಲ್ಲಿ ಗುಡ್ಡದ ಮೇಲಿನ ಮಕ್ಕಳ ಸಂಜೆಯ ಶಾಲಾ ಬಸ್ಸನ್ನು ಉಳಿಸಿಕೊಳ್ಳುವುದೋ.

ಊಟದ ಬಿಡುವಿನಲ್ಲಿ ಇತಿಹಾಸದ ಮೇಷ್ಟ್ರು ಆಲ್ಡನ್ ಪ್ರೂ ಬೀನ್ಸ್ ತಟ್ಟೆ ಹಿಡಿದು ಬಂದರು. ಇಬ್ಬರದೂ ಹಳೆಯ ಜಗಳ. ಸಂವಿಧಾನ ತಿಳಿದು ನಿಯಮಕ್ಕೆ ತಲೆಬಾಗುವವರನ್ನು ತಯಾರು ಮಾಡಲಿಕ್ಕೆ ಪೌರನೀತಿ ಇರುವುದು ಎಂದು ಅವರ ವಾದ. ಎದ್ದು ನಿಂತು ಎದುರು ಹೇಳಬಲ್ಲವರನ್ನು ಎಂದು ಅವಳ ವಾದ.

"ಟ್ಯಾಮ್ಸಿನ್ ಮಾತಾಡ್ತಾಳಂತೆ? ನಿನ್ನ ಪರ ತಾನೆ?"

"ಇಲ್ಲ, ಬಸ್ಸಿನ ಪರ."

"ನಿನ್ನ ಕ್ಲಾಸಿನ ಹುಡುಗಿ. ಸುಮ್ಮನಿರು ಅಂದ್ರೆ ಇರ್ತಾಳೆ."

"ಸುಮ್ಮನಿರೋದನ್ನ ನಾನು ಕಲಿಸಿಲ್ಲ. ಅವಳ ಭಾಷಣ ತಿದ್ದಿದವಳೂ ನಾನೇ."

"ಕೊಯ್ಯೋಳಿಗೆ ನೀನೇ ಚಾಕು ಮಸೆದು ಕೊಟ್ಟೆ ಅನ್ನು."

"ಮೊಂಡಾಗಿತ್ತು," ಎಂದಳು ಲೋರ್ನಾ. "'ಮಿಸ್ ಒಳ್ಳೆಯವರು, ಆದರೆ' ಅಂತ ಶುರು ಮಾಡಿದ್ಲು. ಅದನ್ನ ಹೊಡೆದು ಹಾಕಿಸ್ದೆ. ನನ್ನ ಒಳ್ಳೆತನ ಇಟ್ಕೊಂಡು ಯಾರೂ ಗುಡ್ಡ ಹತ್ತೋಕಾಗಲ್ಲ."

ಆಲ್ಡನ್ ಬೀನ್ಸ್ ಮುಗಿಸದೆ ಎದ್ದು ಹೋದರು.

ಒಂಬತ್ತನೆಯ ವಿಷಯ ಬಂತು. ಟ್ಯಾಮ್ಸಿನ್ ಎದ್ದು ನಿಂತಳು. ಮತದ ವಯಸ್ಸಾಗದವಳು ಮಾತಾಡಬೇಕಾದರೆ ಮತದಾರರೊಬ್ಬರು ಸೂಚಿಸಬೇಕು, ಸಭೆ ಒಪ್ಪಬೇಕು. ಸೂಚಿಸಬೇಕಿದ್ದ ಅವಳ ತಾಯಿ ಆಸ್ಪತ್ರೆಯ ಕೆಲಸದ ಪಾಳಿಯಲ್ಲಿದ್ದಳು.

"ಯಾರಾದರೂ ಸೂಚಿಸ್ತೀರಾ?" ಅಧ್ಯಕ್ಷೆ ಕೇಳಿದಳು.

ಯಾರೂ ಮಿಸುಕಲಿಲ್ಲ. ಲೋರ್ನಾ ಸುಮ್ಮನಿದ್ದರೆ ಸಾಕಿತ್ತು. ಕೆಲಸ ಉಳಿಯುತ್ತಿತ್ತೋ ಏನೋ. ಮತವಿಲ್ಲದ ಅವಳು ತಾನೇ ಸೂಚಿಸುವಂತಿರಲಿಲ್ಲ; ಎದ್ದು ನಿಂತು ಆಲ್ಡನ್ ಕಡೆಗೇ ನೋಡಿದಳು. ಜಿಮ್ಮಿನ ತಲೆಗಳೆಲ್ಲ ಅತ್ತ ತಿರುಗಿದವು.

"ನಿಯಮದಲ್ಲಿ ಅವಕಾಶ ಇದೆ," ಎಂದು ಗೊಣಗುತ್ತ ಆಲ್ಡನ್ ಎದ್ದರು. "ಸೂಚಿಸ್ತೀನಿ."

ಸಭೆ ಒಪ್ಪಿತು. ಹುಡುಗಿ ಹಾಳೆ ಬಿಡಿಸಿ ಓದಿದಳು. "ಗುಡ್ಡದ ಮೇಲಿನ ನಮಗೆ ಸಂಜೆ ಬಸ್ಸಿಲ್ಲ ಅಂದ್ರೆ ಆಟ ಇಲ್ಲ, ಲೈಬ್ರರಿ ಇಲ್ಲ, ಲೆಕ್ಕದ ಟ್ಯೂಷನ್ನೂ ಇಲ್ಲ. ಪೌರನೀತಿನ ಪ್ರೂ ಸಾರ್ ಹೇಳಿಕೊಡಬಹುದು. ಹಿಮದಲ್ಲಿ ನಮ್ಮನ್ನ ಅವರು ಹೊತ್ಕೊಂಡು ಹೋಗೋಕಾಗಲ್ಲ." ಜನ ನಕ್ಕರು. ಆಲ್ಡನ್ ನಗಲಿಲ್ಲ.

ಕೈ ಎಣಿಸಿದರು. ಶಿಕ್ಷಕಿಯ ಪರ ಐವತ್ತೆಂಟು, ಆಲ್ಡನ್‌ರದೂ ಸೇರಿ. ಬಸ್ಸಿನ ಪರ ಎಪ್ಪತ್ತೊಂದು.

ಬಾಗಿಲ ಬಳಿ ಟ್ಯಾಮ್ಸಿನ್ ಅಡ್ಡ ಬಂದಳು. "ಮಿಸ್, ಬೇಜಾರಾ?"

"ಹೂಂ. ಆದ್ರೆ ಕೊನೇ ಸಾಲು ಓದುವಾಗ ತಲೆ ತಗ್ಗಿಸ್ದೆ. ಮುಂದಿನ ಸಲ ಎತ್ತು."

ಬಸ್ಸು ಉಳಿಯಿತು. ಶಾಲೆಯ ವರ್ಷ ಮುಗಿದ ಜೂನಿನಲ್ಲಿ ಹೋದದ್ದು ಒಬ್ಬ ಶಿಕ್ಷಕಿ, ಅವಳ ನಾಲ್ಕು ತರಗತಿ. ಟ್ಯಾಮ್ಸಿನ್ ಕೂರುತ್ತಿದ್ದದ್ದು ಅವುಗಳಲ್ಲೊಂದರಲ್ಲಿ.