ಕಂಪನಿಯ ಅತಿ ಚುರುಕಾದ ಉದ್ಯೋಗಿ

ಡಾರ್ಲೀನ್ ಹ್ರುಸ್ಕಾಳ ಅಂಕ ಮತ್ತೆ ಕೆಂಪಾದಾಗ ಅವಳು ಫೋನಿನಲ್ಲಿ ಒಬ್ಬ ವಿಧವೆಯ ಜೊತೆ ಮಾತನಾಡುತ್ತಿದ್ದಳು. ಗಂಡನ ಮರಣ ಪ್ರಮಾಣಪತ್ರವನ್ನು ಎಲ್ಲಿಟ್ಟೆನೆಂದು ಆ ಹೆಂಗಸಿಗೆ ನೆನಪಾಗುತ್ತಿರಲಿಲ್ಲ. ಡಾರ್ಲೀನ್ ಕಾದಳು. ಕಾಯುವಾಗ ಮೌಸ್ ಅಲುಗುವುದಿಲ್ಲ. ಮೌಸ್ ಅಲುಗದಿದ್ದರೆ ಕಂಪನಿಯ ತಂತ್ರಾಂಶದ ಪ್ರಕಾರ ಉದ್ಯೋಗಿ ನಿದ್ದೆ ಮಾಡುತ್ತಿದ್ದಾಳೆ.

ನಮ್ಮೂರು ಸೀಡರ್ ರ‍್ಯಾಪಿಡ್ಸ್‌ನ ಈ ವಿಮಾ ಕಂಪನಿ, ಮನೆಯಿಂದಲೇ ಕೆಲಸ ಮಾಡಿ ಎಂದು ಎಲ್ಲರನ್ನೂ ಕಳುಹಿಸಿ ಕಚೇರಿಯನ್ನು ಬಾಡಿಗೆಗೆ ಕೊಟ್ಟಿತ್ತು. ಆಮೇಲೆ ಇವರು ಮನೆಯಲ್ಲಿ ಏನು ಮಾಡುತ್ತಾರೋ ಎಂಬ ಚಿಂತೆ ಹತ್ತಿ, ಪ್ರತಿಯೊಬ್ಬರ ಕಂಪ್ಯೂಟರಿಗೂ ಈ ಕಾವಲುಗಾರನನ್ನು ಹಾಕಿತು. ಹಸಿರಿದ್ದರೆ ಚುರುಕು, ಕೆಂಪಿದ್ದರೆ ಸೋಮಾರಿ. ಕೆಂಪಿನಲ್ಲೇ ಉಳಿದವರನ್ನು ಮನೆಗೆ ಕಳುಹಿಸಲಾಗುವುದು ಎಂದು ಸುತ್ತೋಲೆ ಬಂತು. ಮನೆಯಲ್ಲೇ ಇರುವವರನ್ನು ಮನೆಗೆ ಕಳುಹಿಸುವುದು ಹೇಗೆಂದು ಯಾರೂ ಕೇಳಲಿಲ್ಲ.

ಡಾರ್ಲೀನ್‌ಗೆ ಸಂಬಳಕ್ಕಿಂತ ಆರೋಗ್ಯ ವಿಮೆಯ ಚಿಂತೆ. ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ದುಡಿದು ಬಂದ ಗಂಡ ವೆಂಡೆಲ್‌ನ ಸೊಂಟದ ಕೀಲು ಸವೆದಿತ್ತು. ಫೆಬ್ರುವರಿಗೆ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಅವನ ವಿಮೆ ಹೆಂಡತಿಯ ನೌಕರಿಗೆ ಅಂಟಿಕೊಂಡಿದ್ದುದರಿಂದ, ನೌಕರಿ ಹೋದರೆ ಹೊಸ ಕೀಲೂ ಇಲ್ಲ.

"ಮೌಸ್ ಅಲುಗಿದ್ರೆ ಸಾಕಾ? ಕೆಲ್ಸ ಆಗ್ಬೇಕು ಅಂತೇನಿಲ್ವಾ?" ಎಂದು ವೆಂಡೆಲ್ ಕೇಳಿದ.

"ಅದು ಕೆಲ್ಸ ಎಲ್ಲಿ ನೋಡತ್ತೆ? ಮೌಸ್ ನೋಡತ್ತೆ."

"ಅಷ್ಟೇ ತಾನೇ! ಇಷ್ಟು ದಿನ ಯಾಕೆ ಅಳ್ತಾ ಕೂತಿದ್ದೆ?"

ಅವನು ಕುಂಟುತ್ತಾ ನೆಲಮಾಳಿಗೆಗೆ ಇಳಿದು ತಾಯಿಯ ಹಳೆಯ ರೆಕಾರ್ಡ್ ಪ್ಲೇಯರ್ ತಂದ. ಅದರ ಮೇಲೆ ಪೋಲ್ಕಾ ಸಂಗೀತದ ತಟ್ಟೆಯೊಂದನ್ನು ಇಟ್ಟು, ಮೌಸನ್ನು ತಟ್ಟೆಗೆ ತಾಗುವಂತೆ ಪ್ಲೇಯರಿನ ಅಂಚಿಗೆ ಬಿಗಿದ. ಮುಳ್ಳು ಇಳಿಸಲಿಲ್ಲ. ತಟ್ಟೆ ಸದ್ದಿಲ್ಲದೆ ತಿರುಗಿತು. ಪರದೆಯ ಮೇಲಿನ ಬಾಣ ಕುಡಿದವನಂತೆ ಓಡಾಡತೊಡಗಿತು. ಡಾರ್ಲೀನ್ ನೆಮ್ಮದಿಯಾಗಿ ವಿಧವೆಯರ ಮಾತು ಕೇಳಿದಳು. ಸಂಜೆಗೆ ಅಂಕ ಹಸಿರಾಯಿತು.

ಯಾರಿಗೂ ಅನುಮಾನ ಬಾರದಂತೆ ಊಟದ ಹೊತ್ತಿಗೆ ತಟ್ಟೆ ನಿಲ್ಲಿಸಬೇಕೆಂದು ವೆಂಡೆಲ್ ಹೇಳಿದ್ದ. ಒಂದು ಶುಕ್ರವಾರ, ಚರ್ಚಿನ ಮಾರಾಟಕ್ಕೆ ಕೊಲಾಚ್ ಬನ್ನು ಬೇಯಿಸಲು ಹೋಗುವ ಅವಸರದಲ್ಲಿ ಡಾರ್ಲೀನ್ ಅದನ್ನು ಮರೆತಳು. ಅವಳು ಬನ್ನಿನ ಗುಂಡಿಗೆ ಹಣ್ಣಿನ ಪಾಕ ತುಂಬುತ್ತಿದ್ದಾಗ, ಇಡೀ ಕಂಪನಿಯಲ್ಲಿ ಅವಳಷ್ಟು ದುಡಿಯುತ್ತಿದ್ದವರು ಯಾರೂ ಇರಲಿಲ್ಲ.

ಸೋಮವಾರ ಉಪಾಧ್ಯಕ್ಷ ಟ್ರೆವರ್ ಲಿಂಡ್‌ಕ್ವಿಸ್ಟ್ ವಿಡಿಯೊ ಕರೆ ಮಾಡಿದ.

"ಡಾರ್ಲೀನ್, ನೀವು ನಮ್ಗೆಲ್ಲ ಸ್ಫೂರ್ತಿ! ಊಟಕ್ಕೂ ಎದ್ದಿಲ್ಲ ನೀವು! ಏನು ನಿಮ್ಮ ಗುಟ್ಟು?"

"ಗುಟ್ಟೇನಿಲ್ಲ... ಗಮನ ಇಟ್ಟು ಮಾಡ್ತೀನಿ, ಅಷ್ಟೆ."

"ಗಮನ!" ಎಂದು ಟ್ರೆವರ್ ಬರೆದುಕೊಂಡ. ಆ ಪದ ಅಚ್ಚಾದ ಕಾಫಿ ಮಗ್‌ಗಳು ಎಲ್ಲರ ಮನೆಗೂ ಅಂಚೆಯಲ್ಲಿ ಬಂದವು. ಡಾರ್ಲೀನ್ ತಂಡದ ಮುಖ್ಯಸ್ಥೆಯಾದಳು. ಆ ಶುಕ್ರವಾರ ಅವಳು ಗಳಿಸಿದ ಅಂಕವೇ ಇನ್ನು ಮುಂದೆ ಹಸಿರಾಗಲು ಎಲ್ಲರೂ ಮುಟ್ಟಬೇಕಾದ ಗೆರೆ ಎಂದು ಕಂಪನಿ ಸಾರಿತು.

ಕಚೇರಿ ಇದ್ದ ಕಾಲದಲ್ಲಿ ಅವಳ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ರೊವೀನಾ ಟಿಬ್ಸ್ ಆ ವಾರವೇ ಕೆಂಪಿಗೆ ಬಿದ್ದು ಫೋನ್ ಮಾಡಿದಳು.

"ಲೇ, ನಿಜ ಹೇಳು, ಏನ್ ತಿಂತೀಯಾ ನೀನು? ನಾನು ಬಾತ್‌ರೂಮಿಗೂ ಓಡ್ತಾನೇ ಹೋಗಿ ಬರ್ತೀನಿ, ಆದ್ರೂ ಕೆಂಪು."

"ಗಮನ ಕಣೇ," ಎಂದಳು ಡಾರ್ಲೀನ್.

"ಗಮನವಂತೆ! ಆ ಮಗ್‌ನ ನಿನ್ನ ತಲೆ ಮೇಲೇ ಒಡೀತೀನಿ."

ಇಬ್ಬರೂ ನಕ್ಕರು. ಅಡುಗೆಮನೆಯಿಂದ ವೆಂಡೆಲ್ ಕೂಗಿದ: "ಅವ್ಳಿಗೂ ಒಂದು ಮಾಡ್ಕೊಡ್ಲಾ? ಹಳೇ ಸಾಮಾನಿನ ಅಂಗಡೀಲಿ ಪ್ಲೇಯರ್ ಬೇಕಾದಷ್ಟು ಬಿದ್ದಿವೆ."

ಡಾರ್ಲೀನ್ ಫೋನಿಗೆ ಕೈ ಅಡ್ಡ ಹಿಡಿದಳು. ಕರೆ ಮುಗಿದ ಮೇಲೆ, "ಅವ್ಳಿಗೆ ಬೇಡ್ವಂತೆ," ಎಂದಳು. ರೊವೀನಾಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಆಪರೇಷನ್ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು.

ಕಂಪನಿ ಅಷ್ಟು ದಿನ ಕಾಯಲಿಲ್ಲ. ಶಸ್ತ್ರಚಿಕಿತ್ಸೆಯ ವಾರದ ಸೋಮವಾರ, ಕೆಲಸ ಕಳೆದುಕೊಳ್ಳುವ ಕೆಂಪಿನವರ ಪಟ್ಟಿ ಬಂತು. ಡಾರ್ಲೀನ್ ತಂಡದಲ್ಲಿದ್ದ ರೊವೀನಾಳ ಹೆಸರೂ ಅದರಲ್ಲಿತ್ತು. ಸುದ್ದಿಯನ್ನು ಆಯಾ ತಂಡದ ಮುಖ್ಯಸ್ಥರೇ ವಿಡಿಯೊ ಕರೆಯಲ್ಲಿ ಓದಿ ಹೇಳಬೇಕು. ಬರೆದುಕೊಟ್ಟದ್ದನ್ನು ಬಿಟ್ಟು ಬೇರೇನೂ ಹೇಳಬಾರದು, ಕ್ಷಮೆಯನ್ನಂತೂ ಕೇಳಲೇಬಾರದು ಎಂದು ವಕೀಲರ ಸೂಚನೆ.

"ನಿಮ್ಮ ಹುದ್ದೆಯ ಮೇಲೆ ಪರಿಣಾಮವಾಗಿದೆ," ಎಂದು ಡಾರ್ಲೀನ್ ಓದಿದಳು. "ನಿಮ್ಮ ಮುಂದಿನ ಪಯಣಕ್ಕೆ ಕಂಪನಿ ಶುಭ ಹಾರೈಸುತ್ತದೆ."

"ಪಯಣ ಅಂತೆ. ಎಲ್ಲಿಗಂತೆ?" ಎಂದಳು ರೊವೀನಾ. ಆಮೇಲೆ, "ವೆಂಡೆಲ್ ಆಪರೇಷನ್ ಗುರುವಾರ ಅಲ್ವಾ? ಹಿಮ ಬೀಳತ್ತಂತೆ. ನಿಂಗೆ ಹಿಮದಲ್ಲಿ ಗಾಡಿ ಓಡ್ಸೋಕೆ ಕೈ ನಡುಗತ್ತೆ. ನಾನು ಬರ್ತೀನಿ ಬಿಡು, ಈಗ ಬಿಡುವೇ ಬಿಡುವು."

ಬರೆದುಕೊಟ್ಟ ಹಾಳೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ಸರಿ," ಎಂದಳು ಡಾರ್ಲೀನ್.

ಗುರುವಾರ ಬೆಳಿಗ್ಗೆ ರೊವೀನಾ ಗಾಡಿ ತಂದಳು. ವೆಂಡೆಲ್ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತ. ಊರಿನ ಸೇತುವೆ ದಾಟುವವರೆಗೆ ಹವೆಯ ಮಾತು ನಡೆಯಿತು. ಆಮೇಲೆ ಅವನು ಮರುಗಿದ: "ಛೆ, ನೀನು ಹಟ ಮಾಡ್ಬಾರ್ದಿತ್ತು ರೊವೀನಾ. ಅರ್ಧ ಗಂಟೆ ಕೆಲ್ಸ ಅದು. ತಟ್ಟೆ ತಿರುಗ್ತಿದ್ರೆ ಸಾಕು, ಮೌಸ್ ಓಡ್ತಾನೇ ಇರತ್ತೆ. ನಿಂಗೂ ಮಾಡ್ಕೊಡ್ತೀನಿ ಅಂದ್ರೆ, ಬೇಡ ಅಂದ್ಯಂತೆ."

ಡಾರ್ಲೀನ್ ಕಿಟಕಿಯಾಚೆ ನೋಡುತ್ತಿದ್ದಳು.

"ಹೌದಾ?" ಎಂದಳು ರೊವೀನಾ. "ಬೇಡ ಅಂದ್ನಾ ನಾನು?"

ಅವಳು ವೇಗ ಹೆಚ್ಚಿಸಲೂ ಇಲ್ಲ, ಇಳಿಸಲೂ ಇಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿ, ಇಳಿದು, ತಾನೇ ಗಾಲಿಕುರ್ಚಿ ತಂದು, ವೆಂಡೆಲ್‌ನ ಕಂಕುಳಿಗೆ ಕೈಕೊಟ್ಟು ಕೂರಿಸಿದಳು. ಅವನ ಟೋಪಿ ಸರಿಮಾಡಿ, "ಧೈರ್ಯವಾಗಿರು," ಎಂದಳು. ನಂತರ ಡಾರ್ಲೀನ್‌ಳ ಕಡೆ ತಿರುಗಿದಳು.

"ವಾಪಸ್ ಹೋಗೋಕೆ ಬೇರೆ ಗಾಡಿ ನೋಡ್ಕೋ."